ಬಿಗಿದು ಕಟ್ಟಿದ ತೋಳು

೨೦೫೮ರ ಫೆಬ್ರವರಿ ೧೨, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಫಕ್ಕೀರವ್ವನ ಬಲತೋಳಿನ ಪಟ್ಟಿಯಲ್ಲಿ ಕೆಂಪು ದೀಪ ಹತ್ತಿತು.

ಹಾವೇರಿ ಸೀಮೆಯ ಆ ಮೆಣಸಿನಕಾಯಿ ಗೋದಾಮಿಗೆ ಸ್ನಾಯುವಿನ ದಣಿವು ಅಳೆಯುವ ಈ ತಂತುಮಾಪಕ ಪಟ್ಟಿ ಬಂದು ಅದು ಎರಡನೆಯ ದಿನ. ಯಂತ್ರದ ಕೈ ಹಿಡಿದರೆ ಒಣಗಿದ ಕಾಯಿ ಮುರಿದು ಬೀಜ ಉದುರುತ್ತದೆ. ಆದ್ದರಿಂದ ಆ ಕಾಲದಲ್ಲೂ ಚೀಲ ಹೊರುವ ಕೆಲಸ ಮನುಷ್ಯರಿಗೇ ಉಳಿದಿತ್ತು. ಐವತ್ನಾಲ್ಕು ವರ್ಷದ ಫಕ್ಕೀರವ್ವ ಹತ್ತೊಂಬತ್ತು ಹಮಾಲ ಹೆಂಗಸರ ಮುಂದಾಳು. ಪೇರಿಸಿದ ಚೀಲಗಳ ತುದಿಯವರೆಗೆ ಭಾರ ಹೊತ್ತು ಹತ್ತುವವಳು ಅವಳೇ.

ಪಟ್ಟಿಯನ್ನು ರೂಪಿಸಿದ ಡಾ. ಸುಲೋಚನಾ ಹಂಪಣ್ಣವರ ಅವಳನ್ನು ಕೂರಿಸಿಕೊಂಡು ತೋಳು ಮುಟ್ಟಿ ನೋಡಿದರು.

"ನನಗ ಏನ್ ರೋಗ ಬಂದೈತ್ರಿ ಬಾಯಾರ?"

"ರೋಗ ಅಲ್ರಿ ಫಕ್ಕೀರವ್ವಾರ. ಸ್ನಾಯುವಿನಾಗ ಎರಡು ನಮೂನಿ ತಂತು ಇರತಾವ. ಹಗುರ ಕೆಲಸಕ್ಕ ಮಂದತಂತು ಸಾಕು. ರಕ್ತ ಸರಿಯಾಗಿ ಹರಿದ್ರ ಅವು ದಣಿಯೂದಿಲ್ಲ. ಭಾರ ಹೆಚ್ಚಾದಂಗ ದೇಹ ಶೀಘ್ರತಂತುಗಳನ್ನೂ ಕರೀತೈತಿ. ಅವಕ್ಕ ಶಕ್ತಿ ಭಾಳ, ಆದ್ರ ಬೇಗ ದಣೀತಾವ. ನಿಮಗ ಅರ್ಧ ಚೀಲಕ್ಕನ ಅವು ಏಳಾಕ ಹತ್ಯಾವ, ಅದಕ್ಕ ದೀಪ ಕೆಂಪಾತು."

"ಅಂದ್ರ ಆಳು ಸಾಲದಿದ್ರ ಮಲಗಿದ್ದ ಯಜಮಾನನ್ನೂ ಎಬ್ಬಿಸಿದಂಗ."

ಡಾಕ್ಟರಿಗೆ ನಗು ಬಂತು. "ಹೂಂ, ಹಂಗ."

"ಏಳಲಿ ಬಿಡ್ರಿ. ಮಲಗಿದ್ದು ಸಾಕು."

ಆದರೆ ಎಳೆತದ ಮಾಪಕದಲ್ಲಿ ಅವಳ ತೋಳು ಇಪ್ಪತ್ತೊಂದು ಕಿಲೋ ಮಾತ್ರ ಎಳೆಯಿತು, ಬೇಕಾದದ್ದು ಇಪ್ಪತ್ನಾಲ್ಕು. ಆರು ತಿಂಗಳು ಒಂಬತ್ತು ಕಿಲೋದ ಬುಟ್ಟಿ ಹೊರಬೇಕು, ಆಮೇಲೆ ಪಟ್ಟಿ ಕಟ್ಟಿದ ತೋಳಿಗೆ ಮತ್ತೊಂದು ಪರೀಕ್ಷೆ. ಅದರಲ್ಲೂ ಸೋತರೆ ತಂಡದಿಂದ ಹೊರಗೆ ಎಂದು ಮ್ಯಾನೇಜರ್ ಇಟಗಿ ತಾವು ಬರೆದ ಕಾಗದ ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೂವತ್ತು ವರ್ಷ ಚೀಲ ಹೊತ್ತವಳ ಕೈಗೆ ಬುಟ್ಟಿ ಬಂತು.

ಬುಟ್ಟಿಗಿಂತ ಪಟ್ಟಿಯೇ ಹೆಚ್ಚು ಕಾಡಿತು. ಅದನ್ನು ಸಡಿಲವಾಗಿ ಕಟ್ಟಬೇಕೆಂಬುದು ನಿಯಮ. ಸಡಿಲವಾದಲ್ಲಿ ಖಾರದ ಧೂಳು ನುಗ್ಗಿ, ಬೆವರಿಗೆ ಸೇರಿ, ಚರ್ಮ ಬೆಂಕಿಯಂತೆ ಉರಿಯುತ್ತಿತ್ತು. ಮೂರನೆಯ ದಿನ ಫಕ್ಕೀರವ್ವ ಹಳೆಯ ಸೀರೆಯ ಅಂಚು ಹರಿದು, ಪಟ್ಟಿಯ ಮೇಲೆ ಹಲ್ಲು ಕಚ್ಚಿ ಬಿಗಿದು ಕಟ್ಟಿದಳು.

"ಸಡಿಲ ಕಟ್ಟಬೇಕಂತ ಬರದೈತಿ," ಎಂದರು ಇಟಗಿ.

"ಬರದವರು ಒಂದಿನ ಈ ಖಾರದಾಗ ನಿಂತು ನೋಡಲಿ, ಸಾಹೇಬ್ರ."

"ನೋಡು, ದೀಪ ಕೆಂಪಗ ಆಗೈತಿ."

"ಆಗಲಿ. ನನ್ನ ಹಣಿ ಮ್ಯಾಲಿನ ಕುಂಕುಮನೂ ಕೆಂಪಗ ಐತಿ. ಅದಕ್ಕ ಯಾರೂ ಕೆಲಸ ಬಿಡಿಸಿಲ್ಲ."

ಅಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಆ ದೀಪ ಕೆಂಪಾಗಿಯೇ ಇತ್ತು. ಬುಟ್ಟಿ ಹೊತ್ತಾಗ ತೋಳು ಹಿಂದೆಂದೂ ಇಲ್ಲದಂತೆ ಸೋಲುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ; ಕಟ್ಟನ್ನೂ ಸಡಿಲಿಸಲಿಲ್ಲ.

ಆಗಸ್ಟಿನಲ್ಲಿ ಡಾಕ್ಟರ್ ಮತ್ತೆ ಬಂದರು. ಬಲತೋಳು ಮಾಪಕವನ್ನು ಎಳೆಯಿತು: ಮೂವತ್ತೊಂದು ಕಿಲೋ ನಾನೂರು ಗ್ರಾಂ.

"ಮಾಪಕ ಕೆಟ್ಟೈತಿ," ಎಂದರು ಇಟಗಿ.

ಡಾಕ್ಟರ್ ಎಡತೋಳಿನಿಂದ ಎಳೆಸಿದರು. ಇಪ್ಪತ್ತು. ಅವರು ಬಲತೋಳಿನ ಬಟ್ಟೆಯನ್ನೂ ಅದರಡಿ ಚರ್ಮದಲ್ಲಿ ಮೂಡಿದ್ದ ಗೆರೆಯನ್ನೂ ಬಹಳ ಹೊತ್ತು ನೋಡಿ, ಬೋರಲು ಹಾಕಿದ್ದ ಬುಟ್ಟಿಯೊಂದರ ಮೇಲೆ ಕುಳಿತರು. ಬಿಗಿದ ಕಟ್ಟು ರಕ್ತದ ಹರಿವನ್ನು ತಗ್ಗಿಸಿತ್ತು. ಪ್ರಾಣವಾಯು ಸಾಲದೆ ಮಂದತಂತುಗಳು ಬೇಗನೆ ಸೋತಿದ್ದವು. ಒಂಬತ್ತೇ ಕಿಲೋ ಎತ್ತಲು ದೇಹ ದಿನದಿನವೂ ಶೀಘ್ರತಂತುಗಳನ್ನು ಎಬ್ಬಿಸಬೇಕಾಗಿತ್ತು. ಎದ್ದೆದ್ದು ಅವು ದಪ್ಪವಾಗಿದ್ದವು. ದೊಡ್ಡ ಭಾರ ಮಾಡಬೇಕಾದ ಕೆಲಸವನ್ನು ಬುಟ್ಟಿ ಮಾಡಿತ್ತು.

"ಇದನ್ನ ನಾ ಎಣಿಸಿರಲಿಲ್ಲ," ಎಂದರು ಡಾಕ್ಟರ್ ಮೆಲ್ಲಗೆ. "ಆದ್ರ ಇನ್ನ ಹಿಂಗ ಬಿಗೀಬ್ಯಾಡ್ರಿ. ರಕ್ತ ಹೆಪ್ಪುಗಟ್ಟಿದ್ರ ಜೀವಕ್ಕ ಕುತ್ತು ಬರತೈತಿ."

"ಬಿಚ್ಚತೀನ್ರಿ. ಆದ್ರ ಪಟ್ಟಿನೂ ಕೂಡೇ ಬಿಚ್ಚತೀನಿ."

"ಎಡತೋಳು ಫೇಲ್ ಆಗೈತಲ್ಲ," ಎಂದರು ಇಟಗಿ.

"ಕಾಗದ ತಗೀರಿ ಸಾಹೇಬ್ರ. ಪರೀಕ್ಷೆ ಪಟ್ಟಿ ಕಟ್ಟಿದ ತೋಳಿಗೆ ಅಂತ ಐತಿ, ಎಡಕ್ಕಲ್ಲ. ಬರದಾವ್ರು ನೀವು, ಹೆಬ್ಬೆಟ್ಟು ಒತ್ತಿದಾಕಿ ನಾನು."

ಇಟಗಿ ಕಾಗದ ತೆಗೆದು ಓದಿ, ಡಾಕ್ಟರರ ಮುಂದಿಟ್ಟರು. ಡಾಕ್ಟರ್ ‘ಪಾಸ್’ ಎಂದು ಬರೆದು ಸಹಿ ಹಾಕಿದರು.

ಫಕ್ಕೀರವ್ವ ಬಟ್ಟೆಯನ್ನೂ ಪಟ್ಟಿಯನ್ನೂ ಬಿಚ್ಚಿ ಮ್ಯಾನೇಜರರ ಮೇಜಿನ ಮೇಲಿಟ್ಟಳು. ಲಾರಿಯ ಹಿಂದೆ ಹೋಗಿ ಬೆನ್ನು ಬಗ್ಗಿಸಿದಳು. "ಹಾಕ್ರವಾ," ಎಂದಳು. ಇಬ್ಬರು ಹೆಂಗಸರು ಚೀಲ ಹೊರಿಸಿದರು. ಅವಳು ಹಲಗೆಯ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಪೇರಿಸಿದ ಚೀಲಗಳ ತುದಿಯವರೆಗೆ ಹತ್ತಿದಳು.

ಚೀಲದ ತೂಕ ನಲವತ್ತೆರಡು ಕಿಲೋ ಆರುನೂರು ಗ್ರಾಂ.