ಸಂಖ್ಯೆ ಓದಿದ ಇನ್ನೊಂದು ದನಿ

ದಾವಣಗೆರೆಯ ಶಾಮನೂರಿನಲ್ಲಿ ನಯನಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆಗಳನ್ನು ಅಚ್ಚಿಗೆ ಸಿದ್ಧಮಾಡಿಕೊಡುತ್ತಿದ್ದಳು. ೧೯೯೯ರ ಒಂದು ಮಧ್ಯಾಹ್ನ ಅವಳ ಕನ್ನಡ ಸಾಫ್ಟ್‌ವೇರ್ ತೆರೆಯದೆ ನಿಂತುಬಿಟ್ಟಿತು. ಪರದೆಯ ಮೇಲೆ ಮೂಡಿದ ಉದ್ದನೆಯ ಸಂಖ್ಯೆಯನ್ನು ಕಂಪನಿಗೆ ಫೋನಿನಲ್ಲಿ ಓದಿ ಹೇಳಿದರೆ, ಅವರು ಸಾಫ್ಟ್‌ವೇರ್ ತೆರೆಯುವ ಇನ್ನೊಂದು ಸಂಖ್ಯೆ ಕೊಡುತ್ತಿದ್ದರು. ಸಂಜೆಯೊಳಗೆ ಹರಿಹರದ ಪ್ರೆಸ್ಸಿಗೆ ಒಂದು ಲಗ್ನಪತ್ರಿಕೆ ತಲುಪಬೇಕಿತ್ತು. ಬಾಗಿಲಿಗೆ ಚಿಲಕ ಹಾಕಿ ಅವಳೊಬ್ಬಳೇ ಕೂತಿದ್ದಳು.

ಕಂಪನಿಗೆ ಫೋನ್ ಮಾಡಿ ಅವಳು ನಾಲ್ಕಂಕಿ ಓದುವಷ್ಟರಲ್ಲಿ ಅಲ್ಲಿಯವನು ತಡೆದ. "ಮೇಡಂ, ಇಬ್ರೂ ಒಟ್ಟಿಗೆ ಓದಬ್ಯಾಡ್ರಿ. ಒಬ್ರು ಹೇಳಿದ್ರೆ ಸಾಕು."

"ಇಲ್ಲಿ ಯಾರೂ ಇಲ್ರಿ, ನಾನೊಬ್ಬಳೇ ಇರೋದು."

ಒದ್ದೆ ಬಟ್ಟೆ ಒತ್ತಿದ ಹಾಗೆ ಅವಳ ಕಿವಿ ತಣ್ಣಗಾಯಿತು. ಅವಳು ಓದುವುದನ್ನು ನಿಲ್ಲಿಸಿದಳು. ಆದರೂ ಅವನು, "ಹಾಂ, ಏಳು... ಒಂಬತ್ತು... ಮುಂದೆ?" ಎನ್ನುತ್ತ ಬರೆದುಕೊಳ್ಳುತ್ತಲೇ ಇದ್ದ. ಒಂದೊಂದು ಅಂಕಿಯೂ ಪರದೆಯ ಮೇಲಿದ್ದದ್ದೇ.

"ಸರ್, ನಾನು ಓದ್ತಾ ಇಲ್ರಿ!"

"ಗೊತ್ತಾತು ಬಿಡ್ರಿ, ನಿಮ್ಮ ಜೊತಿಗಿರೋ ಅಮ್ಮಾರು ಓದಿ ಮುಗಿಸಿದ್ರು. ಬರಕೊಳ್ರಿ ಈಗ," ಎಂದು ಅವನು ಸಂಖ್ಯೆ ಹೇಳತೊಡಗಿದ.

ನಯನಾ ರಿಸೀವರ್ ಹಿಡಿದೇ ಹಿಂದಕ್ಕೆ ತಿರುಗಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಚಿಲಕ ಹಾಕಿದ ಹಾಗೇ ಇತ್ತು.

"ಸರಿ, ಅಮ್ಮಾರು ಬರಕೊಂಡ್ರಂತೆ. ಇಡ್ಲಾ?" ಎಂದು ಅವನು ಫೋನ್ ಇಟ್ಟ.

ಅವಳು ಒಂದಂಕಿಯನ್ನೂ ಬರೆದುಕೊಂಡಿರಲಿಲ್ಲ, ಕೀಲಿಮಣೆಯನ್ನೂ ಮುಟ್ಟಿರಲಿಲ್ಲ. ಮತ್ತೆ ಕಂಪ್ಯೂಟರ್ ಕಡೆ ತಿರುಗಿದಾಗ, ಪರದೆಯ ಮೇಲೆ ಹರಿಹರದ ಲಗ್ನಪತ್ರಿಕೆ ತೆರೆದುಕೊಂಡಿತ್ತು.