ಬಸ್ ನಿಲ್ದಾಣದ ಅಜ್ಜಿಯ ಮುಖ

ಎಪ್ಪತ್ತೊಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ನಾನು ಅಂಗಡಿ ತೆರೆಯುವ ಮೊದಲೇ ಪಕ್ಕದ ಚಿತ್ರಶಾಲೆಯಲ್ಲಿ ಕೂಗಾಟ ಎದ್ದಿತ್ತು. ಕೋಲಾರದಲ್ಲಿ ಪಟಗಳಿಗೆ ಕಟ್ಟು ಹಾಕುವವನು ನಾನು, ಹೆಸರು ಶ್ರೀನಿವಾಸ. ಆ ಶಾಲೆ ಸರ್ಕಾರದ್ದಲ್ಲ. ಊರಿನ ಅಂಗಡಿಗಳ ಬೋರ್ಡು ಬರೆದುಕೊಟ್ಟು ನಡೆಯುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೊಂದು ದೊಡ್ಡ ತೈಲಚಿತ್ರ ಬರೆದು ಪುರಭವನಕ್ಕೆ ಕೊಡುವುದು ಪದ್ಧತಿ; ಅದನ್ನು ಊರಚಿತ್ರ ಎನ್ನುತ್ತಿದ್ದರು. ಆ ವರ್ಷದ್ದು ಬಸ್ ನಿಲ್ದಾಣದ ಚಿತ್ರ. ಸಂಜೆ ನಾಲ್ಕಕ್ಕೆ ಒಪ್ಪಿಸಬೇಕಿತ್ತು.

ಹೋಗಿ ನೋಡಿದರೆ, ಚಿತ್ರದ ನಡುವೆ ಗಂಟಿನ ಮೇಲೆ ಕೂತಿದ್ದ ಅಜ್ಜಿಯ ಮುಖಕ್ಕೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಉಳಿದ ಮೂವತ್ತು ಜನರಿಗೆ ಒಂದು ಚುಕ್ಕೆಯೂ ತಾಗಿರಲಿಲ್ಲ.

"ಇವನದೇ ಕೆಲಸ!" ಎಂದು ಮುಖ್ಯಸ್ಥರಾದ ಕೋದಂಡರಾಮಪ್ಪನವರು ಕದಿರೇಶನತ್ತ ಕೈ ತೋರಿಸಿದರು. ಲಕ್ಕೂರಿನ ಈ ಹುಡುಗ ಸೇರಿ ಮೂರೇ ತಿಂಗಳು. ತಾನು ಬರೆದ ಕಂಡಕ್ಟರನ ಮುಖ ಊರಚಿತ್ರಕ್ಕೆ ಬೇಡವೆಂದಾಗ ಎಲ್ಲರೆದುರು ಜಗಳವಾಡಿದ್ದ. "ಇವನಪ್ಪನಿಗೆ ಮಾಲೂರಿನ ಮಂಡಿಗೆ ಫೋನ್ ಮಾಡಿದೀನಿ. ಹನ್ನೆರಡರ ಬಸ್ಸಿಗೆ ಬಂದು ಕರ್ಕೊಂಡು ಹೋಗ್ತಾನೆ."

"ನಾನು ಮಾಡಿಲ್ಲ ಸಾರ್," ಎಂದ ಕದಿರೇಶ. "ನಮ್ಮಪ್ಪನ್ನ ಬೇಡ್ಕೊಂಡು ಬಂದೋನು ನಾನು. ಈಗ ಕರ್ಕೊಂಡು ಹೋದ್ರೆ ಇನ್ನು ಬ್ರಷ್ಷು ಮುಟ್ಟಕ್ಕೂ ಬಿಡಲ್ಲ."

ಅಷ್ಟರಲ್ಲಿ ಶಾಮಲಮ್ಮ ಬಂದರು. ನಿವೃತ್ತ ಡ್ರಾಯಿಂಗ್ ಟೀಚರು, ಶಾಲೆಯ ಮುಂದಿನ ಕೋಣೆಯಲ್ಲೇ ವಾಸ. ಊರಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ನಾನು ಅಂಗಡಿ ಮುಚ್ಚಿ ಅವರ ಹಿಂದೆ ಓಡುತ್ತಿದ್ದೆ. ಹೆಂಡತಿಯಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅವರು ಆ ಕಪ್ಪಿನ ಹತ್ತಿರ ಮೂಗಿಟ್ಟು, "ಶ್ರೀನಿವಾಸ, ಮೂಸಿ ನೋಡಪ್ಪ," ಎಂದರು.

"ಈರುಳ್ಳಿ ವಾಸನೆ, ಟೀಚರೇ!"

ಸೆರಗಿನ ತುದಿ ಒದ್ದೆಮಾಡಿ ಮೆಲ್ಲಗೆ ಒತ್ತಿದರು. ಕಪ್ಪು ಸೆರಗಿಗೆ ಬಂತು. ನೀರಿನ ಬಣ್ಣ. ಪಕ್ಕದ ಮೇಜಿನ ಮೇಲೆ ತೈಲಬಣ್ಣದ ಟ್ಯೂಬುಗಳು ತೆರೆದೇ ಬಿದ್ದಿದ್ದವು.

"ಕದಿರೇಶ, ಎಣ್ಣೆ ಬಣ್ಣದ ಮೇಲೆ ನೀರಿನ ಬಣ್ಣ ಹಚ್ಚೋದು ಹೆಂಗೋ?"

"ಹಚ್ಚಕ್ಕಾಗಲ್ಲಮ್ಮ. ನಿಲ್ಲದೆ ಜಾರಿ ಹೋಗ್ತದೆ."

ಶಾಮಲಮ್ಮ ಕಡತ ತರಿಸಿದರು. ಊರಚಿತ್ರದಲ್ಲಿ ಬರುವ ಪ್ರತಿ ಮುಖವನ್ನೂ ಮೊದಲು ಆ ಜಾಗದಲ್ಲೇ ಪೆನ್ಸಿಲಿನಲ್ಲಿ ಬರೆದು, ಕೆಳಗೆ ಆ ವ್ಯಕ್ತಿಯ ಹೆಸರು ಹಾಕಿ ಕಡತಕ್ಕೆ ಸೇರಿಸಬೇಕಿತ್ತು. ಬರೆಯುವವರು ತಮ್ಮ ನೆಂಟರನ್ನು ತುರುಕಬಾರದೆಂದು ಕೋದಂಡರಾಮಪ್ಪನವರು ಮಾಡಿದ ನಿಯಮ, ಮೀರಿದವರಿಗೆ ಶಾಲೆಯಲ್ಲಿ ಜಾಗವಿರಲಿಲ್ಲ. ನಾನೇ ಎಣಿಸಿದೆ. ಮೂವತ್ತು ಹಾಳೆಗಳಿದ್ದವು, ಅಜ್ಜಿಯದು ಇರಲಿಲ್ಲ.

ಅವರು ಕಟ್ಟಿನ ಮೇಲ್ಭಾಗ ತಡವಿದರು. "ಈ ಎರಡು ಮೊಳೆ?"

"ನಾನೇ ನಿನ್ನೆ ಸಂಜೆ ಹೊಡೆದೆ. ಪುರಸಭೆ ಅಧ್ಯಕ್ಷರು ಸೇವಂತಿಗೆ ಹಾರ ಹೇಳಿದಾರಂತೆ, ಹಾಕಕ್ಕೆ ಬೇಕಲ್ಲ."

"ನಿನ್ನೆ ಶಾಲೆಗೆ ಅಂಚೆ ಬಂದಿತ್ತಾ?"

ಶಾಲೆಯ ಅಂಚೆಯನ್ನು ನನ್ನ ಅಂಗಡಿಯಲ್ಲೇ ಕೊಟ್ಟು ಹೋಗುತ್ತಿದ್ದರು. "ಸೀತಾರಾಮ ಮೇಷ್ಟ್ರಿಗೆ ಮುಳಬಾಗಿಲಿಂದ ಒಂದು ಕಾರ್ಡು. ತಾಯಿ ಹಾಸಿಗೆ ಹಿಡಿದಿದಾರೆ, ಭಾನುವಾರ ಬಾ ಅಂತ." ಕಾರ್ಡು ಅಂದಮೇಲೆ ನಾನು ಓದದೆ ಬಿಟ್ಟವನಲ್ಲ. ಶಾಲೆಯಲ್ಲಿ ಬಣ್ಣದ ಕೆಲಸ ಕಲಿಸುವ ಮೇಷ್ಟ್ರು ಸೀತಾರಾಮ ಒಬ್ಬನೇ.

ಹನ್ನೊಂದೂವರೆಗೆ ಎಲ್ಲರನ್ನೂ ಚಿತ್ರದ ಮುಂದೆ ಕೂರಿಸಿದರು. ಕೊನೆಯ ವರ್ಷದ ನಾಲ್ವರು ಬೋರ್ಡು ಬರೆಯಲು ಶ್ರೀನಿವಾಸಪುರಕ್ಕೆ ಹೋಗಿ ಎರಡು ದಿನವಾಗಿತ್ತು. ಕದಿರೇಶ ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದ.

"ಚಿತ್ರ ಹಾಳು ಮಾಡೋ ಉದ್ದೇಶ ಇದ್ದೋನು ಕೈಗೆ ಸಿಕ್ಕಿದ ಎಣ್ಣೆ ಬಣ್ಣಾನೇ ಬಳೀತಿದ್ದ," ಎಂದು ಶಾಮಲಮ್ಮ ಶುರುಮಾಡಿದರು. "ಇವನು ತೊಳೆದರೆ ಹೋಗೋ ಬಣ್ಣ ಹುಡುಕಿದಾನೆ. ಅಂದ್ರೆ ಆ ಮುಖದ ಮೇಲೆ ಪ್ರೀತಿ ಇದೆ. ಇನ್ನು, ಎಣ್ಣೆ ಬಣ್ಣದ ಮೇಲೆ ಹೆಚ್ಚಿದ ಈರುಳ್ಳಿ ಉಜ್ಜಿದರೇನೇ ನೀರಿನ ಬಣ್ಣ ನಿಲ್ಲೋದು. ಅದನ್ನ ಇಲ್ಲಿ ಕೊನೇ ವರ್ಷದೋರಿಗೆ ಮಾತ್ರ ಕಲಿಸ್ತಾರೆ. ಕದಿರೇಶನಿಗೆ ಗೊತ್ತಿಲ್ಲ. ಗೊತ್ತಿರೋ ಹುಡುಗರು ಊರಲ್ಲಿಲ್ಲ. ಉಳಿದೋರು ಕಲಿಸಿದ ಮೇಷ್ಟ್ರು."

ಎಲ್ಲರೂ ಸೀತಾರಾಮನತ್ತ ತಿರುಗಿದರು.

"ಅಜ್ಜಿ ಚಿತ್ರ ಬರೆದೋರೂ ನೀವೇ. ಆದರೆ ಕಡತದಲ್ಲಿ ಹಾಳೆ ಇಲ್ಲ, ಯಾಕಂದ್ರೆ ಆಕೆ ಬಸ್ ನಿಲ್ದಾಣದಲ್ಲಿ ಕೂತೋಳೇ ಅಲ್ಲ. ನಿಮ್ಮ ತಾಯಿ ತಾನೇ?"

ಸೀತಾರಾಮ ತಲೆ ತಗ್ಗಿಸಿದ.

"ತಾಯಿ ಚಿತ್ರಕ್ಕೆ ಯಾರಾದ್ರೂ ಕಪ್ಪು ಬಳೀತಾರಾ?" ಎಂದು ಕೋದಂಡರಾಮಪ್ಪನವರು ರೇಗಿದರು.

"ಶ್ರೀನಿವಾಸ, ನಿನ್ನ ಅಂಗಡೀಲಿ ಹಾರದ ಮೊಳೆ ಯಾರ ಪಟಕ್ಕೆ ಹೊಡೀತೀಯ?"

"ಹೋದೋರ ಪಟಕ್ಕೆ," ಎಂದೆ. ಎಂದ ಮೇಲೆ ನನಗೂ ಹೊಳೆಯಿತು. ಬದುಕಿರುವವರ ಪಟಕ್ಕೆ ಹಾರ ಹಾಕಿದರೆ ಜನ ಎಷ್ಟು ಹೆದರುತ್ತಾರೆಂದು ಇಪ್ಪತ್ತು ವರ್ಷದಿಂದ ಕಂಡವನು ನಾನು. ಹಾರವೆಂದ ಕೂಡಲೇ ಕೈ ಅಭ್ಯಾಸದಂತೆ ಮೊಳೆ ಹೊಡೆದಿತ್ತು. ಹಾರ ಇಳಿಬೀಳುವುದು ನಟ್ಟನಡುವೆ ಕೂತ ಆ ಮುಖದ ಮೇಲೆಯೇ.

"ಅಮ್ಮ ಮಲಗಿದಾಳೆ ಅಂತ ಕಾರ್ಡು ಬಂತು," ಎಂದ ಸೀತಾರಾಮ. "ಅದೇ ಸಂಜೆ ಆ ಮೊಳೆ ಕಂಡೆ. ಕಿತ್ತರೂ ಮತ್ತೆ ಹೊಡೀತಾರೆ. ನೆಂಟರ ಮುಖ ಬರೆದೆ ಅಂದ್ರೆ ಕೆಲಸ ಹೋಗ್ತದೆ. ಚಿತ್ರ ಇವತ್ತು ಹೋಗದಿದ್ರೆ ಸಾಕು, ಆಮೇಲೆ ತೊಳೆಯೋಣ ಅಂದ್ಕೊಂಡೆ. ಇವನ ಮೇಲೆ ಬರ್ತದೆ ಅಂತ..."

"ಬಂದ ಮೇಲೆ?" ಶಾಮಲಮ್ಮನ ದನಿ ಗಟ್ಟಿಯಾಯಿತು. "ಬೆಳಿಗ್ಗೆಯಿಂದ ಈ ಹುಡುಗ ಪೆಟ್ಟಿಗೆ ಕಟ್ಟೋದು ನೋಡ್ತಾ ನಿಂತಿದ್ರಲ್ಲ, ಮೇಷ್ಟ್ರೇ! ಕಪ್ಪು ಬಳಿದಿದ್ದನ್ನ ನಾನು ಕ್ಷಮಿಸ್ತೀನಿ. ಇದನ್ನ ಕ್ಷಮಿಸಲ್ಲ."

ಕೋದಂಡರಾಮಪ್ಪನವರು ಎದ್ದು, "ನಂದೂ ತಪ್ಪಾಯ್ತು ಕಣಪ್ಪ. ನೀನು ಇಲ್ಲೇ ಇರು," ಎಂದು ಕದಿರೇಶನ ಭುಜ ಮುಟ್ಟಿದರು.

"ನನಗೆ ಹೇಳಿದ್ರೆ ಆಗಲ್ಲ ಸಾರ್," ಎಂದ ಕದಿರೇಶ. "ನಮ್ಮಪ್ಪ ಬತ್ತಾ ಅವ್ನೆ. ಅವನಿಗೆ ಹೇಳಿ."

ಸೀತಾರಾಮನೇ ಮುಂದಾಗಿ ಬಸ್ ನಿಲ್ದಾಣಕ್ಕೆ ನಡೆದ. ನಾವೆಲ್ಲ ಹಿಂದೆ ಹೋದೆವು. ಮಾಲೂರಿನ ಬಸ್ಸಿನಿಂದ ಕದಿರೇಶನ ಅಪ್ಪ ರಾಮಚಂದ್ರಪ್ಪ ಮುಖ ಗಂಟಿಕ್ಕಿಕೊಂಡು ಇಳಿದ. ಸೀತಾರಾಮ ಅಷ್ಟು ಜನರೆದುರು ಕೈಮುಗಿದು, "ತಪ್ಪು ಮಾಡಿದ್ದು ನಾನು, ಯಜಮಾನ್ರೇ. ನಿಮ್ಮ ಮಗ ಏನೂ ಮಾಡಿಲ್ಲ," ಎಂದ.

ರಾಮಚಂದ್ರಪ್ಪ ಅವನನ್ನು ದಾಟಿ ಮುಂದೆ ಬಂದ. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೆಳಿಗ್ಗೆಯಿಂದ ಏನಾರ ತಿಂದೇನ್ಲಾ?" ಎಂದು ಕೇಳಿದ. ಅಲ್ಲಿಯವರೆಗೂ ಕಣ್ಣೀರು ಹಾಕದಿದ್ದ ಕದಿರೇಶ ಆಗ ಅತ್ತುಬಿಟ್ಟ.