ಅರವತ್ತು ಬಸ್ಸುಗಳ ಗಾಳಿ

ಅಂತರರಾಷ್ಟ್ರೀಯ ಕ್ರೀಡಾಕೂಟದ ಉದ್ಘಾಟನೆಯ ದಿನ ಬೆಳಿಗ್ಗೆ 6.50ಕ್ಕೆ ನಗರ ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿ ಠಾಣೆಗೆ ಬಂದು ದೂರು ಕೊಟ್ಟ. ದೂರು ಅಚ್ಚುಕಟ್ಟಾಗಿ ಟೈಪಾಗಿತ್ತು, ಮೊಹರು ಬಿದ್ದಿತ್ತು, ಮೂರು ಪ್ರತಿಗಳಿದ್ದವು. ಹಿಂದಿನ ರಾತ್ರಿ ದುಷ್ಕರ್ಮಿಗಳು ಡಿಪೊಗೆ ನುಗ್ಗಿ, ಕ್ರೀಡಾಂಗಣಕ್ಕೆ ಜನರನ್ನು ಸಾಗಿಸಲು ಸಜ್ಜಾಗಿ ನಿಂತಿದ್ದ ಅರವತ್ತೂ ವಿಶೇಷ ಬಸ್ಸುಗಳ ಚಕ್ರದ ಗಾಳಿ ತೆಗೆದಿದ್ದಾರೆ, ಡಿಪೊದ ಟೈರು ಕೆಲಸಗಾರನ ಮೇಲೆ ಬಲವಾದ ಅನುಮಾನವಿದೆ ಎಂಬುದು ದೂರಿನ ಸಾರಾಂಶ.

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದಳು. ಈ ಕ್ರೀಡಾಕೂಟದ ಹೆಸರು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ತಿಂಗಳಿಂದ ಊರಿನ ಅರ್ಧ ಬಸ್ಸುಗಳನ್ನು ಮಾರ್ಗದಿಂದ ಎತ್ತಿ, ಬಣ್ಣ ಬಳಿದು, ಮೇಲೆ ಕೂಟದ ಲಾಂಛನವಾದ, ಬೂಟು ತೊಟ್ಟು ನಗುವ ಮೊಲದ ಚಿತ್ರ ಅಂಟಿಸಿ ನಿಲ್ಲಿಸಿದ್ದರು. ಜನ ಸ್ಟಾಪಿನಲ್ಲಿ ಒಣಗುತ್ತಿದ್ದರು. ಅವಳ ಸಿಬ್ಬಂದಿಯೇ ಡ್ಯೂಟಿಗೆ ಏದುಸಿರು ಬಿಡುತ್ತ ಬರುತ್ತಿದ್ದರು. ಮೊಲ ಮಾತ್ರ ಊರಿನ ಗೋಡೆಗೋಡೆಯ ಮೇಲೂ ಹಲ್ಲು ಕಿರಿಯುತ್ತಿತ್ತು.

"ಟೈರಿನವನ ಮೇಲೆ ಯಾಕೆ ಅನುಮಾನ?"

"ಹೋದ ವಾರ ಎಲ್ಲರ ಮುಂದೆ ಹೇಳಿದಾನೆ ಮೇಡಂ. ಊರಿನ ಬಸ್ಸನ್ನೆಲ್ಲ ಆಟಕ್ಕೆ ಕಳಿಸಿದ್ರೆ ಗಾಳಿ ತೆಗೆದುಬಿಡ್ತೀನಿ ಅಂತ."

"ತಮಾಷೆಗೆ ಹೇಳಿರಬಹುದು."

"ಆಫೀಸಲ್ಲಿ ತಮಾಷೆ ಎಲ್ಲಿಂದ ಬಂತು ಮೇಡಂ," ಎಂದ ಆತ, ನಿಜಕ್ಕೂ ಬೇಸರದಿಂದ.

7.15ಕ್ಕೆ ಎಫ್‌ಐಆರ್ ದಾಖಲಾಯಿತು. ಎಂಟರ ಹೊತ್ತಿಗೆ ಟೈರು ಕೆಲಸಗಾರನನ್ನು ಕರೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಡಿಪೊದಲ್ಲಿ ಅವನನ್ನು ಗಾಳಿ ಮಾವ ಅನ್ನುತ್ತಿದ್ದರು. ಅವನ ತಂಗಿ, ಅದೇ ಸಂಸ್ಥೆಯ ಕಂಡಕ್ಟರ್, ಸಮವಸ್ತ್ರದಲ್ಲೇ ಹಿಂದೆಯೇ ಬಂದಳು.

"ಮೂವತ್ತು ವರ್ಷದಿಂದ ಗಾಳಿ ತುಂಬ್ತಾ ಇದಾನೆ ನಮ್ಮಣ್ಣ. ತೆಗೆದ್ರೆ ತಿರುಗಿ ತುಂಬಬೇಕಾದವನೂ ಅವನೇ. ತನಗೆ ತಾನೇ ಕೆಲಸ ಹಚ್ಕೊಳ್ಳೋಕೆ ಅವನಿಗೇನು ಹುಚ್ಚಾ?"

"ವಿಚಾರಣೆ ಆಗ್ಲಿ ತಾಯಿ," ಎಂದ ದಫೇದಾರ.

"ನಿವೃತ್ತಿಗೆ ಐದು ತಿಂಗಳಿದೆ. ಒಂದು ಕೇಸು ಬಿದ್ರೆ ಪಿಂಚಣಿಗೆ ಕಲ್ಲು ಬಿತ್ತು. ಅದು ಗೊತ್ತಲ್ವಾ ನಿಮಗೆ?"

ಗೊತ್ತಿತ್ತು. ಎಸಿಪಿಗೂ ಗೊತ್ತಿದ್ದಿರಬೇಕು. ಆದರೂ ಅವರು ಫೋನ್ ಮಾಡಿ, "ನಾಲ್ಕಕ್ಕೆ ಉದ್ಘಾಟನೆ. ಎರಡರೊಳಗೆ ಅರೆಸ್ಟ್ ತೋರಿಸಿ. ಟೀವಿಯವರು ಬಾಗಿಲಲ್ಲೇ ಕೂತಿದಾರೆ," ಎಂದರು. ಯಾರನ್ನು ಅರೆಸ್ಟ್ ಮಾಡಬೇಕೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೆಂಚಿನ ಮೇಲೆ ಒಬ್ಬ ಕೂತಿದ್ದನಲ್ಲ.

9.10ಕ್ಕೆ ಡಿಪೊದಲ್ಲಿ ಪಂಚನಾಮೆ ಶುರುವಾಯಿತು. ಎದುರಿನ ಚಹಾ ಅಂಗಡಿಯವನೂ ಪಕ್ಕದ ಜೆರಾಕ್ಸ್ ಅಂಗಡಿಯವನೂ ಪಂಚರು. ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಅರವತ್ತು ಬಸ್ಸುಗಳು ಸಾಲುಸಾಲಾಗಿ ನಿಂತಿದ್ದವು, ಮುಂದಿನ ಸಾಲುಗಳವು ಒಂದೇ ಕಡೆಗೆ ವಾಲಿಕೊಂಡಿದ್ದವು. ವಾಲಿದ ಪ್ರತಿ ಬಸ್ಸಿನ ಮುಂದಿನ ಎಡ ಚಕ್ರದ ವಾಲ್ವಿನ ಪಿನ್ ಬಿಚ್ಚಲಾಗಿತ್ತು. ಟೈರು ಕೊಯ್ದಿರಲಿಲ್ಲ, ಗಾಜು ಒಡೆದಿರಲಿಲ್ಲ. ಇಷ್ಟು ನಾಜೂಕಿನ ದುಷ್ಕರ್ಮಿಯನ್ನು ಅವಳು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ದಫೇದಾರ ಎಣಿಸುತ್ತ ಹಿಂದಿನ ಸಾಲಿನವರೆಗೆ ಹೋಗಿ ತಲೆ ಕೆರೆದುಕೊಳ್ಳುತ್ತ ಬಂದ.

"ಮೇಡಂ, ಐವತ್ತೆರಡೇ ಕೂತಿರೋದು. ಕೊನೇ ಸಾಲಿನ ಎಂಟಕ್ಕೆ ಗಾಳಿ ಗಟ್ಟಿಯಾಗಿದೆ."

"ದೂರಲ್ಲಿ ಅರವತ್ತೂ ಅಂತಿದೆಯಲ್ಲ."

"ಅದೇ ಮತ್ತೆ."

ಇನ್‌ಸ್ಪೆಕ್ಟರ್‌ಗೆ ಆಗ ಬೇರೇನೂ ಹೊಳೆದಿರಲಿಲ್ಲ. ಬರುವ ದಾರಿಯ ಸ್ಟಾಪುಗಳಲ್ಲಿ ಜನ ತುಂಬಿ ತುಳುಕುತ್ತಿದ್ದುದನ್ನು ನೋಡಿದ್ದಳು, ಅಷ್ಟೇ. ಪಂಚರ ಮುಂದೆ ಆ ಎಂಟರ ಫೋಟೊ ತೆಗೆಸಿ, ಅಲ್ಲೇ ನಿಂತಿದ್ದ ಡ್ರೈವರುಗಳಿಗೆ, "ಇವನ್ನಾದ್ರೂ ತಗೊಂಡ್ಹೋಗಿ. ಜನ ಕಾಯ್ತಿದಾರೆ," ಎಂದಳು.

ಡ್ರೈವರುಗಳು ಅಲುಗಾಡಲಿಲ್ಲ. ಒಬ್ಬ ಆಕಾಶ ನೋಡಿದ, ಇನ್ನೊಬ್ಬ ತನ್ನ ಚಪ್ಪಲಿ ನೋಡಿಕೊಂಡ.

"ಆ ಎಂಟು ಬೇಡ ಮೇಡಂ," ಎನ್ನುತ್ತ ನಿಯಂತ್ರಣಾಧಿಕಾರಿ ಓಡಿಬಂದ. "ಸಾಕ್ಷ್ಯ ಹಾಳಾಗುತ್ತೆ."

"ಸಾಕ್ಷ್ಯದ ಚಿಂತೆ ನನಗಿರಲಿ."

ಆ ಎಂಟರಲ್ಲಿ ಒಂದನ್ನು ಅವಳೇ ಹತ್ತಿದಳು. ಒಳಗೆ ಹೊಸ ಬಣ್ಣದ ವಾಸನೆ. ಡ್ರೈವರ್ ಸೀಟಿನ ಪಕ್ಕದ ಎಂಜಿನ್ ಮುಚ್ಚಳವನ್ನು ದಫೇದಾರ ಎತ್ತಿದ. ಎಂಜಿನ್ ಇರಬೇಕಾದ ಜಾಗದಲ್ಲಿ ಗೋಣಿಚೀಲದ ಮೇಲೆ ಒಂದು ಬೆಕ್ಕು ಮೂರು ಮರಿಗಳಿಗೆ ಹಾಲೂಡಿಸುತ್ತಿತ್ತು. ಅದು ತಲೆಯೆತ್ತಿ, ಬಾಡಿಗೆ ಕಟ್ಟಿದವರ ಹಾಗೆ ಅವರನ್ನು ದಿಟ್ಟಿಸಿತು.

"ಇದನ್ನೂ ಪಂಚನಾಮೆಲಿ ಬರೀಬೇಕಾ ಮೇಡಂ?"

"ಮರಿಗಳ ಸಮೇತ ಬರೀರಿ."

ಅರವತ್ತನ್ನೂ ಬಿಚ್ಚಿ ನೋಡಿದರು. ಮೂವತ್ತನಾಲ್ಕು ಓಡುವ ಬಸ್ಸುಗಳು. ಉಳಿದ ಇಪ್ಪತ್ತಾರು ಗುಜರಿಗೆ ಹೋಗಬೇಕಾದವು. ಒಂದಕ್ಕೆ ಎಂಜಿನ್ ಇಲ್ಲ, ಒಂದಕ್ಕೆ ಗೇರ್‌ಬಾಕ್ಸ್ ಇಲ್ಲ, ಒಂದಕ್ಕೆ ಎರಡೂ ಇಲ್ಲ. ತುಕ್ಕಿನ ಮೇಲೆ ಒಂದು ಕೋಟು ಬಣ್ಣ, ಬಣ್ಣದ ಮೇಲೆ ಮೊಲ. ಸಂಘಟನಾ ಸಮಿತಿಯ ಘನಂದಾರಿ ಸದಸ್ಯರು ಹೋದ ತಿಂಗಳು ಪರಿಶೀಲನೆಗೆ ಬಂದು, ಮುಂದಿನ ಸಾಲನ್ನು ತಟ್ಟಿ ನೋಡಿ, ಹಿಂದಿನ ಸಾಲುಗಳನ್ನು ದೂರದಿಂದಲೇ ಎಣಿಸಿ, ಭೇಷ್ ಅಂದು ಕಾಫಿ ಕುಡಿದು ಹೋಗಿದ್ದರು. ಮುಚ್ಚಳ ಎತ್ತಿ ನೋಡುವ ಬುದ್ಧಿ ಒಬ್ಬರಿಗೂ ಬಂದಿರಲಿಲ್ಲ. ಬಂದಿದ್ದರೂ ಕೈ ಕೊಳೆಯಾದೀತೆಂದು ಸುಮ್ಮನಿದ್ದಿರಬೇಕು.

ಓಡದ ಬಸ್ಸು ಓಡದಿರುವುದಕ್ಕೆ ಒಂದು ಕಾರಣ ಬೇಕಿದ್ದದ್ದು ಯಾರಿಗೆ ಎನ್ನುವುದು ಈಗ ಕೇಳಬೇಕಾದ ಪ್ರಶ್ನೆಯಾಗಿರಲಿಲ್ಲ. ಅದನ್ನು ಸಾಬೀತು ಮಾಡುವುದಷ್ಟೇ ಬಾಕಿ. ಅವಳು ಆಡಳಿತ ಕಚೇರಿಯ ಟೈಪಿಸ್ಟ್ ಬಳಿ ಹೋದಳು. ಆಕೆ ಹೆರಳಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕಡಲೆ ತಿನ್ನುತ್ತಿದ್ದಳು.

"ಈ ದೂರು ಟೈಪ್ ಮಾಡಿದ್ದು ನೀವಾ?"

"ಹೌದು."

"ಯಾವಾಗ?"

"ನಿನ್ನೆ ಸಂಜೆ, ಮನೆಗೆ ಹೊರಡೋ ಮುಂಚೆ."

ದಫೇದಾರ ಕೆಮ್ಮಿದ. ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತಳು.

"ಗಾಳಿ ತೆಗೆದದ್ದು ರಾತ್ರಿ. ದೂರು ಸಂಜೆನೇ ಟೈಪಾಯ್ತಾ?"

"ನಮ್ಮಲ್ಲಿ ಎಲ್ಲಾ ಹಾಗೇ ಮೇಡಂ. ವರದಿ ಮೊದಲು, ಕೆಲಸ ಆಮೇಲೆ. ರಸ್ತೆಗಿಳಿಯದ ಬಸ್ಸಿಗೂ ಟ್ರಿಪ್ ಮುಗೀತು ಅಂತ ಟೈಪ್ ಮಾಡಿದೀನಿ."

"ಓದಿದಾಗ ವಿಚಿತ್ರ ಅನ್ನಿಸಲಿಲ್ವಾ?"

"ಟೈಪ್ ಮಾಡೋದನ್ನೆಲ್ಲ ಓದ್ತಾ ಕೂತ್ರೆ ಇಲ್ಲಿ ಬದುಕೋಕಾಗುತ್ತಾ ಮೇಡಂ?" ಎಂದು ಆಕೆ ಕಡಲೆಯ ಪೊಟ್ಟಣ ಮುಂದೆ ಸರಿಸಿದಳು.

ಮಧ್ಯಾಹ್ನ 12.40. ನಿಯಂತ್ರಣಾಧಿಕಾರಿಯ ಕೋಣೆ. ಗೋಡೆಯ ಮೇಲೆ ಮೊಲ, ಮೇಜಿನ ಮೇಲೆ ಮೊಲ.

"ಬಲಗೈ ತೋರಿಸಿ."

ಹೆಬ್ಬೆರಳಲ್ಲೂ ತೋರುಬೆರಳಲ್ಲೂ ಬೊಬ್ಬೆ ಎದ್ದಿತ್ತು. ಒಂದು ಒಡೆದಿತ್ತು.

"ಎಂಟು ಯಾಕೆ ಬಿಟ್ರಿ?"

ಆತ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ, "ಬೆರಳು ಬರಲಿಲ್ಲ ಮೇಡಂ," ಎಂದ. "ಉಳಿದದ್ದನ್ನ ಬೆಳಿಗ್ಗೆ ಮಾಡೋಣ ಅನ್ಕೊಂಡೆ. ಅಷ್ಟರಲ್ಲಿ ಮೊದಲ ಶಿಫ್ಟಿನವರು ಬಂದ್ಬಿಟ್ರು."

"ಓಡೋ ಬಸ್ಸುಗಳ ಗಾಳಿ ಯಾಕೆ ತೆಗೆದ್ರಿ?"

"ಓಡದೇ ಇರೋವನ್ನ ಮಾತ್ರ ಕೆಡಿಸಿದ್ರೆ ಅನುಮಾನ ಬರಲ್ವಾ?"

ಅವಳಿಗೆ ನಗು ಬಂತು, ಹಿಂದೆಯೇ ಹೇಸಿಗೆಯಾಯಿತು. ಈ ಬುದ್ಧಿವಂತಿಕೆಗಾಗಿ ಇವನು ಬೆಂಚಿನ ಮೇಲಿರುವ ಮುದುಕನ ಪಿಂಚಣಿಯನ್ನು ನುಂಗಲು ಹೊರಟಿದ್ದ.

"ಟೈರಿನವರ ಹೆಸರು ಯಾಕೆ ಬರೆಸಿದ್ರಿ?"

"ದೂರಿನಲ್ಲಿ ಒಂದು ಹೆಸರಿದ್ರೆ ನಿಮಗೆ ಅನುಕೂಲ ಅಂತ."

ಅಷ್ಟರಲ್ಲಿ ಎಸಿಪಿಯ ಫೋನ್ ಬಂತು. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ಟೈರಿನವನು ಅಂತ ಟೀವಿಯವರಿಗೆ ಹೇಳಾಗಿದೆಯಲ್ರೀ. ಕೂಟ ಮುಗಿಯೋವರೆಗೆ ಅವನು ಅಲ್ಲೇ ಇರ್ಲಿ. ಆಮೇಲೆ ನೋಡೋಣ."

ವರದಿ ಮೊದಲು ಕಳಿಸುವ ಕಾಯಿಲೆ ತನ್ನ ಇಲಾಖೆಗೂ ತಗುಲಿ ವರ್ಷಗಳಾಗಿವೆ ಎಂದು ಅವಳಿಗೆ ಆಗ ಅನ್ನಿಸಿತು.

"ಅವರನ್ನ ಬಿಟ್ಟಾಯ್ತು ಸರ್," ಎಂದಳು.

ಬಿಟ್ಟಿರಲಿಲ್ಲ. ಫೋನಿಟ್ಟು, ಠಾಣೆಗೆ ಹೋಗಿ, ಆಮೇಲೆ ಬಿಟ್ಟಳು.

"ಹಿಂದಿನ ಸಾಲಿನವು ಗುಜರಿ ಅಂತ ಬೆಳಿಗ್ಗೆನೇ ಯಾಕೆ ಹೇಳಲಿಲ್ಲ ನೀವು?" ಎಂದು ಗಾಳಿ ಮಾವನನ್ನು ಕೇಳಿದಳು.

"ಐದು ತಿಂಗಳಿದೆ ಮೇಡಂ," ಎಂದ ಅವನು. ತಂಗಿ ಅವನ ಕೈ ಹಿಡಿದು ದರದರ ಎಳೆದುಕೊಂಡು ಹೊರಟಳು. ಇಬ್ಬರೂ ನೇರ ಡಿಪೊಗೇ ಹೋದರೆಂದು ಆಮೇಲೆ ತಿಳಿಯಿತು. ಓಡುವ ಮೂವತ್ತನಾಲ್ಕಕ್ಕೆ ಗಾಳಿ ತುಂಬಬೇಕಿತ್ತಲ್ಲ.

2.55ಕ್ಕೆ ನಿಯಂತ್ರಣಾಧಿಕಾರಿಯನ್ನು ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಎಷ್ಟು ಬಸ್ಸು ಕೊಡುತ್ತೀರಿ ಎಂದು ಸಮಿತಿಯವರು ಕೇಳಿದಾಗ ಪಕ್ಕದ ವಿಭಾಗದವನು ನಲವತ್ತು ಅಂದನಂತೆ, ಈತ ಅರವತ್ತು ಅಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ದುಡ್ಡು ಹೊಡೆದಿರಲಿಲ್ಲ, ಬಡ್ತಿಯೂ ಬೇಕಿರಲಿಲ್ಲ. ಆ ಚಪ್ಪಾಳೆಯನ್ನು ವಾಪಸ್ ಕೊಡಲು ಆತನಿಗೆ ಬಾಯಿ ಬರಲಿಲ್ಲ, ಅಷ್ಟೇ.

ಕ್ರೀಡಾಂಗಣದ ರಸ್ತೆಯಲ್ಲಿ ಜೀಪು ನಿಂತುಬಿಟ್ಟಿತು. ಮುಂದೆ ಜನಸಾಗರ. ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು, ಸೈಕಲ್ ತಳ್ಳುತ್ತಿದ್ದವರು, ಅಜ್ಜಿಯ ತೋಳು ಹಿಡಿದು ನಡೆಸುತ್ತಿದ್ದವರು, ಎಲ್ಲರೂ ಹರಟುತ್ತ ನಡೆದೇ ಹೋಗುತ್ತಿದ್ದರು. ಯಾರೂ ಬಸ್ಸು ಬಂತೇ ಎಂದು ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ನಿಯಂತ್ರಣಾಧಿಕಾರಿ ಕಿಟಕಿಗೆ ಮುಖವೊತ್ತಿ ನೋಡಿದ.

"ಬಸ್ಸಿಲ್ದೇನೇ ಬರ್ತಿದಾರಲ್ಲ ಮೇಡಂ," ಎಂದ.

"ಈ ಊರಲ್ಲಿ ಅವರಿಗೆ ಅಭ್ಯಾಸ ಆಗಿದೆ," ಎಂದಳು ಇನ್‌ಸ್ಪೆಕ್ಟರ್.

ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ಆಗ ಅತ್ತ.